ಕಸರತ್ತು ಮತ್ತು ಎದೆಯ ಅಳುಕು

ವ್ಯಾಯಾಮಪ್ರಿಯರಾಗಿದ್ದ ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿಗೇ ಹಠಾತ್ತಾಗಿ ಅಗಲಿದಾಗ, ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಜನ ಮುಗಿಬಿದ್ದರು. ಅವರಿಗೇ ಹೀಗಾದರೆ ನಮ್ಮ ಗತಿಯೇನು ಎಂಬ ಆ ಅಳುಕು ಜಿಮ್‌ಗೆ ಹೋಗುವವರಲ್ಲಿ ಇನ್ನೂ ಆರಿಲ್ಲ.

ಶರಣ ಬಂಧುಗಳೇ, ಒಮ್ಮೆ ತಪಾಸಣೆ ಮಾಡಿಸುವುದು ವಿವೇಕ. ವರದಿ ಸರಿಯಿದ್ದರೂ ವಾರಕ್ಕೊಂದು ಇಸಿಜಿ, ಗಳಿಗೆಗೊಮ್ಮೆ ನಾಡಿ ನೋಡಿಕೊಳ್ಳುವುದು ಬೇರೆಯೇ ಕಾಯಿಲೆ. ಅದಕ್ಕೆ ಮನೋವೈದ್ಯರಲ್ಲಿ ಚಿಕಿತ್ಸೆಯಿದೆ, ನಾಚಬೇಕಿಲ್ಲ. ವರ್ಷಗಟ್ಟಲೆ ಓಡಿದವರ ನಾಡಿ ವಿಶ್ರಾಂತಿಯಲ್ಲಿ ನಿಮಿಷಕ್ಕೆ 50ಕ್ಕಿಂತ ಕೆಳಗಿಳಿಯುವುದುಂಟು. ಅದು ಬಹುಮಟ್ಟಿಗೆ ಪಳಗಿದ ಹೃದಯದ ಲಕ್ಷಣ, ರೋಗವಲ್ಲ.

ಆದರೆ ಕಸರತ್ತಿನ ನಡುವೆ ಎದೆ ಹಿಂಡಿದರೆ, ಎಚ್ಚರ ತಪ್ಪಿದರೆ, ಮನೆತನದಲ್ಲಿ ಎಳೆವಯಸ್ಸಿಗೇ ಹಠಾತ್ತಾಗಿ ತೀರಿಕೊಂಡವರಿದ್ದರೆ, ಎಲ್ಲ ನಿಮ್ಮ ಭ್ರಮೆ ಎನ್ನುವ ತರಬೇತುದಾರನ ಮಾತು ಕೇಳಬೇಡಿ. ಡಂಬೆಲ್ಸ್ ಕೆಳಗಿಟ್ಟು ಹೃದ್ರೋಗ ತಜ್ಞರಲ್ಲಿಗೆ ಹೋಗಿ.