ಹೇಳದೆ ಬಂದವರು

ಸ್ನೇಹಿತರ ಮನೆಗೆ ಹೋಗುವ ಮುನ್ನ ಫೋನ್ ಮಾಡಿ ಅನುಕೂಲ ವಿಚಾರಿಸುವುದು ಈಗ ಶಿಷ್ಟಾಚಾರ. ಅದನ್ನು ತಪ್ಪೆನ್ನಲಾರೆ. ಆದರೆ ಬರುವ ತಿಥಿಯನ್ನು ಮೊದಲೇ ತಿಳಿಸದವನೇ ಅತಿಥಿ ಎಂದು ಅರ್ಥ ಹೇಳಿದ ಹಿರಿಯರ ವಿವೇಕ, ಸಂಕ್ರಾಂತಿಯ ಹಿಂದಿನ ಒಂದು ಭಾನುವಾರ ನನಗೆ ಮನದಟ್ಟಾಯಿತು.

ನಾವು ಐವರು ಒಂದು ಕಾಲಕ್ಕೆ ಹುಣಸೂರಿನಲ್ಲಿ ಒಟ್ಟಿಗೆ ಉಪಾಧ್ಯಾಯರಾಗಿದ್ದೆವು. ನಿವೃತ್ತಿಯ ಬಳಿಕ ಒಬ್ಬರು ಅಲ್ಲಿಯೇ ಉಳಿದರು. ಮಿಕ್ಕವರಲ್ಲಿ ಒಬ್ಬರು ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಕ್ಕೆ, ಒಬ್ಬರು ಕೆ.ಆರ್. ನಗರದ ನಾಲೆಯಂಚಿನ ಗದ್ದೆಗೆ, ಇನ್ನೊಬ್ಬರು ಎಚ್.ಡಿ. ಕೋಟೆಯ ಕಾಡಂಚಿನ ಹಳ್ಳಿಗೆ ಮರಳಿದರು. ನಾನು ಮೈಸೂರು ಸೇರಿದೆ. ಹುಣಸೂರು ಇಲ್ಲಿಂದ ಸುಮಾರು 45 ಕಿ.ಮೀ.; ಉಳಿದ ಊರುಗಳೂ ಒಂದೆರಡು ಗಂಟೆಯ ಬಸ್ಸಿನ ಹಾದಿ. ಆದರೂ ನಮ್ಮ ಸ್ನೇಹ ‘ಹೇಗಿದ್ದೀರಿ?’, ‘ಚೆನ್ನಾಗಿದ್ದೇನೆ’ ಎಂಬ ಫೋನಿನ ಮಾತುಗಳಲ್ಲೇ ಮುಗಿಯುತ್ತಿತ್ತು.

ಪತ್ನಿ ತೀರಿಕೊಂಡ ಮೇಲೂ ನಾನು ಅದೇ ಉತ್ತರ ಕೊಡುತ್ತಿದ್ದೆ. ದನಿ ಕುಗ್ಗಿದ್ದನ್ನು ಹುಣಸೂರಿನವರು ಗಮನಿಸಿದ್ದಿರಬೇಕು. ಆ ಭಾನುವಾರ ಬಾಗಿಲು ತೆರೆದರೆ ನಾಲ್ವರೂ ನಿಂತಿದ್ದರು. ಒಬ್ಬರ ಕೈಯಲ್ಲಿ ಸೊಗಡಿನ ಅವರೆಕಾಯಿಯ ಚೀಲ, ಇನ್ನೊಬ್ಬರ ಹೆಗಲ ಮೇಲೆ ಹೊಸ ಅಕ್ಕಿಯ ಗಂಟು. ಒಳಗೆ ಬಿಡಿಸದ ಪತ್ರಿಕೆಗಳ ರಾಶಿ, ಎರಡು ದಿನದಿಂದ ಹಚ್ಚದ ಒಲೆ. ‘ಒಂದು ಫೋನ್ ಮಾಡಿದ್ದರೆ...’ ಎಂದು ತೊದಲಿದೆ. ‘ಮಾಡಿದ್ರೆ ಬರಬೇಡಿ ಅಂತಿದ್ರಿ, ಮೇಷ್ಟ್ರೇ’ ಎಂದರು ಕೋಟೆಯವರು. ಅದು ನಿಜವಾಗಿತ್ತು. ಮುನ್ಸೂಚನೆ ಕೊಟ್ಟು ಬಂದವರಿಗೆ ಓರಣಗೊಳಿಸಿದ ಮನೆ ಕಾಣುತ್ತದೆ. ಹೇಳದೆ ಬಂದವರಿಗೆ ಮನೆಯವರೇ ಕಾಣುತ್ತಾರೆ.

ಹಿಂದಿನ ಆತಿಥ್ಯವನ್ನು ಹಾಡಿ ಹೊಗಳುವವರು ಒಂದು ಮಾತನ್ನು ಮರೆಯಬಾರದು. ಆ ಸಂತೋಷ ಬಹುಮಟ್ಟಿಗೆ ಗಂಡಸರದಾಗಿತ್ತು. ಒಲೆಯ ಹೊಗೆ ಹೆಂಗಸರ ಪಾಲಿನದು. ನಾನು ಹಜಾರದಲ್ಲಿ ಹರಟುತ್ತಿದ್ದಾಗ ನನ್ನಾಕೆ ಹೊತ್ತಲ್ಲದ ಹೊತ್ತಿನಲ್ಲಿ ಎಷ್ಟು ಬಾರಿ ಉಪ್ಪಿಟ್ಟಿಗೆ ಬಾಣಲೆ ಇಟ್ಟಳೋ, ನಾನು ಲೆಕ್ಕವಿಟ್ಟವನಲ್ಲ. ಅಂದು ಗೆಳೆಯರೇ ಅವರೆಕಾಯಿ ಸುಲಿದರು, ಸಾರಿಗೆ ಒಗ್ಗರಣೆ ಹಾಕಿದರು. ಮುದ್ದೆ ಗಂಟುಗಂಟಾಯಿತು. ಅದನ್ನು ಕಂಡು ಎಷ್ಟೋ ತಿಂಗಳ ಬಳಿಕ ನಕ್ಕೆ, ‘ಅವಳಿದ್ದಿದ್ದರೆ...’ ಎನ್ನುತ್ತ ಅತ್ತದ್ದೂ ಉಂಟು. ಬಂದವರು ಹೀಗೆ ಕೆಲಸಕ್ಕೂ ಕೈಹಚ್ಚುವುದಾದರೆ ಹೇಳದೆ ಬರುವ ಹಕ್ಕು ಅವರಿಗುಂಟು.

ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಹದ ಮಾಡುವ ಕಾಲದಲ್ಲಿ ಬ್ಯಾರನ್ನಿನ ಬೆಂಕಿಯನ್ನು ರಾತ್ರಿಯೆಲ್ಲ ಕಾಯಬೇಕು. ಕಾವು ಏರುಪೇರಾದರೆ ಎಲೆ ಕೆಡುತ್ತದೆ, ಅದರೊಡನೆ ವರ್ಷದ ದುಡಿಮೆಯೂ. ಅಲ್ಲಿನ ಗೆಳೆಯರು ಈಚೆಗೆ ಏನು ಕೇಳಿದರೂ ‘ಚೆನ್ನಾಗಿದ್ದೇನೆ’ ಎನ್ನುತ್ತಾರೆ. ಆ ಮಾತಿನ ಒಳಗನ್ನು ನಾನು ಬಲ್ಲೆ. ಈ ಬಾರಿ ಒಂದು ರಾತ್ರಿ ಅವರ ಪಕ್ಕದಲ್ಲಿ ಕುಳಿತು ಬೆಂಕಿ ಕಾಯಬೇಕೆಂದಿದ್ದೇನೆ. ಫೋನ್ ಮಾಡುವುದಿಲ್ಲ.