ಕೈಗೆ ನೆನಪಿರುವ ಊರು

ನಮ್ಮ ಕನ್ನಡ ಸಂಘದ ಸಮಾರಂಭಗಳಲ್ಲಿ ಮೊದಲ ಸಾಲಿನ ಕುರ್ಚಿ ಹಿಡಿದು ಕೂರುತ್ತಿದ್ದ ಹಿರಿಯರಲ್ಲಿ ಕೆಲವರು ಈಚೆಗೆ ಬರುತ್ತಿಲ್ಲ. ವಿಚಾರಿಸಿದರೆ ಮನೆಯವರು "ಮಂಡಿನೋವು, ಕರೆತರೋದು ಕಷ್ಟ" ಎನ್ನುತ್ತಾರೆ. ಇನ್ನೆರಡು ಮಾತಾದ ಮೇಲೆ ದನಿ ತಗ್ಗಿಸಿ ನಿಜ ಹೇಳುತ್ತಾರೆ. ಬಂದವರ ಗುರುತು ಹತ್ತುವುದಿಲ್ಲ, ಉಂಡದ್ದು ನೆನಪಿರುವುದಿಲ್ಲ, ಕೇಳಿದ್ದನ್ನೇ ಕೇಳುತ್ತಾರೆ, ನಾಲ್ಕು ಜನರೆದುರು ಏನಾದರೂ ಅಂದುಬಿಟ್ಟರೆ ಎಂಬ ಅಂಜಿಕೆ. ಮಂಡಿನೋವಿಗೆ ಸಿಗುವ ಮರ್ಯಾದೆ ಮರೆವಿನ ಕಾಯಿಲೆಗೆ ನಮ್ಮಲ್ಲಿ ಇನ್ನೂ ಸಿಕ್ಕಿಲ್ಲ.

ರಾಜ್ಯೋತ್ಸವದ ಸಂಚಿಕೆಯ ಸಂಪಾದಕೀಯವೆಂದರೆ ಮಕ್ಕಳಿಗೆ ಕನ್ನಡ ಕಲಿಸಿ ಎಂಬ ಬುದ್ಧಿವಾದ ಇದ್ದೇ ಇರುತ್ತದೆಂದು ಓದುಗರು ಪುಟ ತಿರುವುವುದು ನಮಗೆ ಗೊತ್ತು. ಈ ಸಲದ ಮಾತು ಮನೆಯ ಇನ್ನೊಂದು ತುದಿಯದು. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರ ಪೈಕಿ ಶೇ. 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಎಂಬ ಈ ಮರೆವಿನ ಕಾಯಿಲೆ ಇದೆ. ನಮ್ಮ ಸದಸ್ಯರ ಮನೆಗಳು ಆ ಲೆಕ್ಕದ ಹೊರಗಿರಲು ಕಾರಣವಿಲ್ಲ. ಅರವತ್ತಕ್ಕೆ ಅರಳುಮರಳು ಎಂದು ಕೈಬಿಡುವ ಮೊದಲು ವೈದ್ಯರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ ಇವೂ ಮರೆವಿನ ವೇಷ ಹಾಕಿಕೊಂಡು ಬರುತ್ತವೆ, ಅವಕ್ಕೆ ಮದ್ದಿದೆ. ಆಲ್‌ಝೈಮರ್ ಎಂದೇ ತೀರ್ಮಾನವಾದರೆ ಅದನ್ನು ಹಿಂದಕ್ಕೆ ತಿರುಗಿಸುವ ಔಷಧ ಇಲ್ಲ. ಆಮೇಲೆ ಮನೆಯವರಿಗೆ ಉಳಿಯುವ ಪ್ರಶ್ನೆ ಬಹಳ ಸರಳ, ಬಹಳ ಕಠಿಣ. ಬೆಳಗಿನಿಂದ ಸಂಜೆಯವರೆಗೆ ಅವರು ಏನು ಮಾಡುತ್ತಾ ಕೂರಬೇಕು?

ಹೈದರಾಬಾದಿನ ನಮ್ಮ ಬಳಗದಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ಕಡೆಯವರು ಸಾಕಷ್ಟಿದ್ದೇವೆ. ಊರಿನಲ್ಲಿ ಒಬ್ಬರೇ ಆದ ತಂದೆಯನ್ನೋ ತಾಯಿಯನ್ನೋ, ಮನೆಗೆ ಬೀಗ ಹಾಕಿಸಿ, ಬೀಗದ ಕೈ ಪಕ್ಕದ ಮನೆಗೆ ಕೊಟ್ಟು, ಕಾಚಿಗುಡಾ ಸ್ಟೇಷನ್ನಿನಲ್ಲಿ ಇಳಿಸಿಕೊಂಡವರು. ಇಲ್ಲಿ ಅವರಿಗೆ ಸಿಗುವುದು ಏಳನೇ ಮಹಡಿಯ ಬಾಲ್ಕನಿ, ಟಿ.ವಿ., ಮತ್ತು ತೆಲುಗು ಮಾತ್ರ ಬಲ್ಲ ಆರೈಕೆಯ ಹೆಂಗಸು. (ಪಾವಗಡದವರಾಗಿದ್ದರೆ ಮಾತು ಬೇರೆ, ಅವರಿಗೆ ತೆಲುಗು ಮನೆಯದೇ.) ಮಕ್ಕಳು ಪ್ರೀತಿಯಿಂದಲೇ ಆನ್‌ಲೈನಿನಲ್ಲಿ ಹುಡುಕಿ ಬಣ್ಣದ ಚೂರು ಜೋಡಿಸುವ ಆಟ, ಪ್ರಾಣಿಗಳ ಕಾರ್ಡು ತರಿಸುತ್ತಾರೆ. ಯುರೋಪಿನ ಯಾವುದೋ ಕೋಟೆಯ ಚಿತ್ರದ ತುಂಡುಗಳನ್ನು ಕುಣಿಗಲ್ ಸೀಮೆಯ ಅಜ್ಜಿಯ ಮುಂದೆ ಹರಡಿದರೆ ಅವರು ಸೀರೆಯ ಸೆರಗಿನಿಂದ ಅದನ್ನು ಒರೆಸಿ ಒಂದು ಕಡೆ ಗುಡ್ಡೆ ಮಾಡುತ್ತಾರೆ. "ಆಸಕ್ತಿಯೇ ಇಲ್ಲ" ಎಂದು ಮನೆಯವರು ಬೇಸರಪಡುತ್ತಾರೆ. ಗುಡ್ಡೆ ಮಾಡಿ ಒರೆಸಿದ್ದನ್ನು ಯಾರೂ ಗಮನಿಸುವುದಿಲ್ಲ. ಅವರಿಗೆ ಗೊತ್ತಿದ್ದ ಕೆಲಸವನ್ನು ಅವರು ಮಾಡಿ ಮುಗಿಸಿದ್ದರು.

ಇದಕ್ಕೆ ಕಾರಣವುಂಟು. ಇವತ್ತು ಬೆಳಿಗ್ಗೆ ಏನಾಯಿತು ಎಂಬುದನ್ನು ದಾಖಲಿಸುವುದು ಮೆದುಳಿನೊಳಗಿನ ಹಿಪೊಕ್ಯಾಂಪಸ್ ಎಂಬ ಭಾಗ. ಆಲ್‌ಝೈಮರ್ ಮೊದಲು ಕೈಹಾಕುವುದು ಅದಕ್ಕೂ ಅದರ ನೆರೆಹೊರೆಗೂ. ಕೈಗಳಿಗೆ ರೂಢಿಯಾದ ಕೆಲಸಗಳ ನೆನಪು ಬೇರೆ ಕಡೆ ಇರುತ್ತದೆ, ಅಲ್ಲಿಗೆ ಕಾಯಿಲೆ ತಲುಪುವುದು ತಡವಾಗಿ. ಮಗಳ ಹೆಸರು ಮರೆತವರಿಗೂ ಹೂ ಕಟ್ಟುವಾಗ ಗಂಟು ತಪ್ಪುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಕ್ಯಾಮರಾನ್ ಕ್ಯಾಂಪ್ 1990ರ ದಶಕದಲ್ಲಿ ಮಕ್ಕಳ ಮಾಂಟೆಸೊರಿ ಪದ್ಧತಿಯನ್ನು ಡಿಮೆನ್ಷಿಯಾ ಇರುವ ಹಿರಿಯರಿಗೆ ಒಗ್ಗಿಸಿದ್ದು ಇದೇ ತಿಳಿವಳಿಕೆಯ ಮೇಲೆ: ನಿಜವಾದ ಸಾಮಾನು ಕೈಗೆ ಕೊಡಿ, ಮಾಡಿ ತೋರಿಸಿ, ಮಾತು ಕಡಿಮೆ ಮಾಡಿ. ಅದಕ್ಕೆ ಬೇಕಾದ ಸಾಮಾನೆಲ್ಲ ನಮ್ಮ ಅಡುಗೆಮನೆಯಲ್ಲೇ ಬಿದ್ದಿದೆ.

ಮಾಗಿಯ ಅವರೆಕಾಯಿಯನ್ನೇ ತೆಗೆದುಕೊಳ್ಳಿ. ಇಲ್ಲಿ 'ಅನಪ ಗಿಂಜಲು' ಎಂದು ಕೇಳಿದರೆ ಸಿಗುತ್ತದೆ. ಕಾಯಿ ಬಿಡಿಸುವುದು ಒಂದು ಕೆಲಸ. ಕಾಳು ನೆನೆಸಿ ಹಿತುಕುವುದು ಇನ್ನೊಂದು. ಹೆಬ್ಬೆರಳು ಒತ್ತಿದೊಡನೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುವ ಆ ಸಣ್ಣ ಗೆಲುವು ಪ್ರತಿ ಕಾಳಿಗೂ ಸಿಗುತ್ತದೆ. ಸೊಪ್ಪು ಸೋಸುವುದು, ಹುಣಸೆಹಣ್ಣಿನ ಬೀಜ ನಾರು ತೆಗೆಯುವುದು, ಮೊರದಲ್ಲಿ ರಾಗಿ ಹಸನು ಮಾಡುವುದು, ಹೂಬತ್ತಿ ಹೊಸೆಯುವುದು, ಒಗೆದ ಪಂಚೆ ಟವೆಲ್ಲು ಮಡಚುವುದು, ವೀಳ್ಯದೆಲೆಯ ತೊಟ್ಟು ಮುರಿದು ಒರೆಸಿ ಅಡುಕಿಡುವುದು. ಗುಬ್ಬಿ ಕಡೆಯ ತೋಟದ ಮನೆಯವರಿಗೆ ಒಂದು ತಟ್ಟೆ ಅಡಿಕೆ ಕೊಟ್ಟು ನೋಡಿ, ಹುಳುಕು ಯಾವುದು ಗಟ್ಟಿ ಯಾವುದು ಎಂದು ಕಣ್ಣಿಗಿಂತ ಮೊದಲು ಬೆರಳು ಹೇಳುತ್ತದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಹಲಸಿಗೆ ಹೆಸರಿದೆ, ಕೆಂಪು ತೊಳೆಯ 'ಸಿದ್ದು' ತಳಿ ಆ ಕಡೆಯದೇ. ಬೇಸಿಗೆಯಲ್ಲಿ ಕೊಯ್ದ ಹಲಸಿನ ಭಾಗವೊಂದನ್ನು ಮುಂದಿಟ್ಟು ಕೈಗೆ ಎಣ್ಣೆ ಸವರಿದರೆ ಸಾಕು, ತೊಳೆ ಬಿಡಿಸುವುದನ್ನು ಹೇಳಿಕೊಡಬೇಕಾಗಿಲ್ಲ. ಈ ಕಾಯಿಲೆಯಲ್ಲಿ ಕೆಲವರಿಗೆ ವಾಸನೆಯ ಅರಿವು ಮೊದಲೇ ಕುಂದಿರುತ್ತದೆ. ಘಮ ಏನೂ ಹೇಳದಿದ್ದರೂ ಅಂಟು ಹೇಳುತ್ತದೆ.

ಒಂದು ಮನೆಯಲ್ಲಿ ಬೇಸರದ ಮಾತು ಕೇಳಿದೆ: "ಮಡಚಿದ ಬಟ್ಟೆನೇ ಬಿಚ್ಚಿ ಮತ್ತೆ ಕೊಡ್ತೀವಿ, ಮೋಸ ಮಾಡಿದ ಹಾಗೆ ಅನ್ನಿಸುತ್ತೆ." ಅನ್ನಿಸಬೇಕಾದ್ದೇ. ಆದರೆ ಅವರು ಸೋಸಿದ ಸೊಪ್ಪೇ ಮಧ್ಯಾಹ್ನದ ಸಾರಿಗೆ ಬಿದ್ದರೆ, "ಅವ್ವ ಸೋಸಿದ್ದು" ಎಂದು ಉಣ್ಣುವಾಗ ಒಬ್ಬರು ಹೇಳಿದರೆ, ಅದರಲ್ಲಿ ಯಾವ ಮೋಸವೂ ಇಲ್ಲ. ಸೊಪ್ಪಿನಲ್ಲಿ ಎರಡು ಹುಲ್ಲೆಸಳು ಉಳಿದಿರಬಹುದು, ಅವರೆದುರಿಗೆ ಅದನ್ನು ಆರಿಸಿ ತೆಗೆಯಬೇಡಿ.

ಗಂಡಸರದೇ ತೊಡಕು. ಆ ತಲೆಮಾರಿನವರು ಅಡುಗೆಮನೆಯ ಹೊಸ್ತಿಲು ದಾಟಿದವರಲ್ಲ, ಸೊಪ್ಪು ಕೊಟ್ಟರೆ ಅವಮಾನವಾಗುತ್ತದೆ. ತುಮಕೂರಿನ ಮಂಡಿಪೇಟೆಯಲ್ಲಿ ವ್ಯಾಪಾರ ಮಾಡಿದವರಿಗೆ ಒಂದು ಉದ್ದ ಲೆಕ್ಕದ ಪುಸ್ತಕ, ಪೆನ್ನು, ಕಟ್ಟಿದ ರಸೀದಿಗಳು. ಮೇಷ್ಟ್ರಾಗಿದ್ದವರಿಗೆ ಮೊಮ್ಮಕ್ಕಳ ಹಳೆಯ ನೋಟ್‌ಬುಕ್ಕು ಮತ್ತು ಕೆಂಪು ಪೆನ್ಸಿಲ್ಲು. ಈಗ ಮುಚ್ಚಿರುವ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದವರ ಕೈಗೆ ನಿಂತುಹೋದ ಗಡಿಯಾರ ಕೊಟ್ಟು, ಪಟ್ಟಿ ಬಿಚ್ಚಿ ಹಾಕಲು ಬಿಡಿ. ಕುಣಿಗಲ್ಲಿನ ಕುದುರೆ ಫಾರಂ ಕಂಡವರಿಗೆ ಕುದುರೆಯ ದೊಡ್ಡ ಚಿತ್ರ ಒಂದು ಸಾಕು, ಕಿವಿ ನಿಲ್ಲಿಸಿದ ರೀತಿ ನೋಡಿ ಅದರ ಸ್ವಭಾವ ಹೇಳುವವರಿದ್ದಾರೆ.

ಇನ್ನು ನಾಟಕ. ಇದನ್ನು ಬರೆಯುವಾಗ ನನ್ನ ಕೈ ತಾನಾಗಿ ನಿಧಾನವಾಗುತ್ತದೆ, ಏಕೆಂದರೆ ನಮ್ಮ ಸೀಮೆಯ ಹಿರಿಯರ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಹೊತ್ತುಗಳೆಯುವಿಕೆ ನನಗೆ ಕಾಣುವುದಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ, ಗುಬ್ಬಿ ವೀರಣ್ಣನವರ ಕೈಯಲ್ಲಿ ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದಿತು. ಸದಾರಮೆ ನಾಟಕದ ಕಳ್ಳನ ಪಾತ್ರಕ್ಕೆ ಅವರದೇ ಛಾಪು. ವೀರಣ್ಣನವರು ತೀರಿಕೊಂಡದ್ದು 1972ರಲ್ಲಿ, ಹಾಗಾಗಿ ಇಂದು ಎಂಬತ್ತು ದಾಟಿದವರಿಗೆ ಕಂಪನಿ ನಾಟಕ ಎಂದರೆ ಹರೆಯದ ನೆನಪು. ಹತ್ತರಿಂದ ಮೂವತ್ತರ ನಡುವಿನ ವಯಸ್ಸಿನ ನೆನಪುಗಳು ಉಳಿದವಕ್ಕಿಂತ ಗಟ್ಟಿಯಾಗಿ ನಿಲ್ಲುತ್ತವೆ ಎಂದು ಮನೋವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಅದಕ್ಕೂ ಮಿಗಿಲಾಗಿ, ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತುಮಾಡಿ, ತಿಂಗಳುಗಟ್ಟಲೆ ಕಲಿತು, ಜಾತ್ರೆಗೊಂದು ಪೌರಾಣಿಕ ನಾಟಕ ಆಡುವ ರೂಢಿ ಇವತ್ತಿಗೂ ನಿಂತಿಲ್ಲ. ನಮ್ಮ ಹಿರಿಯರಲ್ಲಿ ದುರ್ಯೋಧನನ ಪಾರ್ಟು ಮಾಡಿದವರು, ಹೆಣ್ಣು ಪಾರ್ಟು ಮಾಡಿದವರು, ರಾತ್ರಿಯಿಡೀ ಪರದೆ ಎಳೆದವರು ಇದ್ದಾರೆ. ಅವರಿಗೆ ಕಂದಪದ್ಯದ ಮೊದಲ ಮಾತು ಎತ್ತಿಕೊಟ್ಟು ಸುಮ್ಮನಿರಿ. ಸುಮ್ಮನಿರುವುದು ಮುಖ್ಯ. ಉತ್ತರ ಬರಲು ನಮಗಿಂತ ಅವರಿಗೆ ಹೆಚ್ಚು ಹೊತ್ತು ಬೇಕು. ನಾವು ನಡುವೆ ಬಾಯಿ ಹಾಕಿದರೆ ಅದು ಮತ್ತೆ ಒಳಗೆ ಹೋಗುತ್ತದೆ. ಬಂದರೆ, ಮಾತು ಬರದವರ ಬಾಯಲ್ಲೂ ರಾಗ ಬರುತ್ತದೆ, ಬೆನ್ನು ನೆಟ್ಟಗಾಗುತ್ತದೆ, ಟವೆಲ್ಲು ಹೆಗಲೇರುತ್ತದೆ. ಕುಣಿಗಲ್ ಕೆರೆಯ ಜನಪದ ಹಾಡು, ಸಿದ್ಧಗಂಗೆಯಲ್ಲಿ ಓದಿದವರಿಗೆ ಅಲ್ಲಿನ ಸಾಮೂಹಿಕ ಪ್ರಾರ್ಥನೆ, ತಾಯಂದಿರಿಗೆ ಸೋಬಾನೆ ಪದ ಇವೂ ಹಾಗೆಯೇ.

ಮಾತಿನ ವಿಷಯಕ್ಕೆ ಬಂದೆವು. ಮನೆಗೆ ಬಂದವರೆಲ್ಲ ಹಿರಿಯರ ಮುಖಕ್ಕೆ ಮುಖ ಕೊಟ್ಟು "ನಾನ್ಯಾರು ಹೇಳು ನೋಡಾನ?" ಎಂದು ಪರೀಕ್ಷೆ ಮಾಡುವುದು ನಮ್ಮ ಜನರ ಹಳೆಯ ಚಾಳಿ. ದಯವಿಟ್ಟು ಬಿಡಿ. "ನಾನು ನಿಮ್ಮ ತಂಗಿ ಮಗ, ಹೆಬ್ಬೂರಿನವನು" ಎಂದು ನೀವೇ ಹೇಳಿ ಕುಳಿತುಕೊಳ್ಳಿ. ಸಂಜೆಯಾಗುತ್ತಿದ್ದಂತೆ ಕೆಲವರಿಗೆ ಚಡಪಡಿಕೆ ಹೆಚ್ಚಾಗುತ್ತದೆ. "ಎಮ್ಮೆ ಕರಿಯೋ ಹೊತ್ತಾತು, ಊರಿಗೆ ಹೋಗ್ಬೇಕು" ಎಂದು ಬಾಗಿಲಿಗೆ ಬರುತ್ತಾರೆ. "ಯಾವ ಎಮ್ಮೆ, ಮಾರಿ ಮೂವತ್ತು ವರ್ಷ ಆಯ್ತು" ಎಂಬ ಉತ್ತರ ಸತ್ಯ, ಪ್ರಯೋಜನ ಮಾತ್ರ ಸೊನ್ನೆ. "ಎಷ್ಟು ಹಾಲು ಕೊಡ್ತಿತ್ತವ್ವ ಅದು?" ಎಂದು ಕೇಳಿ, ದೀಪ ಹಚ್ಚಿ, ಬತ್ತಿ ಹೊಸೆಯಲು ಹತ್ತಿ ಕೈಗಿಡಿ. ಸಿದ್ಧಗಂಗೆ ಮಠದ ದೊಡ್ಡ ಸ್ವಾಮಿಗಳು ಹೇಗಿದ್ದಾರೆಂದು ಒಬ್ಬ ಹಿರಿಯರು ದಿನಕ್ಕೆರಡು ಸಲ ಕೇಳುತ್ತಾರೆ. ಶಿವಕುಮಾರ ಸ್ವಾಮಿಗಳು ಲಿಂಗೈಕ್ಯರಾದದ್ದು 2019ರ ಜನವರಿ 21ರಂದು. ಹೇಳಿದಾಗಲೆಲ್ಲ ಅವರಿಗೆ ಅದು ಹೊಸ ಸುದ್ದಿ, ಪ್ರತಿ ಸಲವೂ ಹೊಸ ಅಳು. ಮನೆಯವರು ಈಗ "ನೀವು ಮಠದಲ್ಲಿದ್ದಾಗ ಸ್ವಾಮಿಗಳು ಹುಡುಗರಿಗೆ ಏನ್ ಹೇಳ್ತಿದ್ರು ತಾತ?" ಎಂದು ತಿರುಗಿ ಕೇಳುತ್ತಾರೆ. ಇದು ಸುಳ್ಳಲ್ಲ ಎಂಬುದು ನನ್ನ ಎಣಿಕೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ.

ಎಚ್ಚರಿಕೆಯ ಒಂದೆರಡು ಮಾತು ಬೇಗ ಹೇಳಿಬಿಡುತ್ತೇನೆ. ಈಳಿಗೆ ಮಣೆ ಮತ್ತು ಗ್ಯಾಸಿನ ಒಲೆಯ ಬಳಿ ಒಂಟಿಯಾಗಿ ಬಿಡಬೇಡಿ. ಅಳಿಗುಳಿ ಮಣೆ ಒಳ್ಳೆಯ ಆಟ, ಆದರೆ ಅದಕ್ಕೆ ಗುಲಗಂಜಿ ಬಳಸಬೇಡಿ, ಅದರ ಬೀಜದಲ್ಲಿ ವಿಷವಿದೆ. ಸಿಕ್ಕಿದ್ದನ್ನು ಬಾಯಿಗಿಡುವ ಹಂತ ಬಂದಿದ್ದರೆ ಹುಣಸೆ ಬೀಜ, ಅಡಿಕೆಯೂ ಬೇಡ. ನೆಲಕ್ಕೆ ಕೂರಲಾಗದವರಿಗೆ ಮೊರವನ್ನು ಮೇಜಿನ ಮೇಲಿಡಿ. ಬೆಳಗಿನ ಹೊತ್ತು, ಹದಿನೈದಿಪ್ಪತ್ತು ನಿಮಿಷ ಸಾಕು. ಮುಖ ಗಂಟಾದರೆ ಎತ್ತಿಡಿ.

ಸಂಘ ಮಾಡಬೇಕಾದದ್ದೇನು? ಅದಕ್ಕೆ ಮೊದಲು ಒಂದು ಸಂಗತಿ. ಇಲ್ಲಿಯೇ, ಹೈದರಾಬಾದಿನ ನಿಜಾಮ್ಸ್ ಆಸ್ಪತ್ರೆಯಲ್ಲಿ, ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನ ಲೋಕಪ್ರಸಿದ್ಧ. ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸವಿತ್ತು. ಹೊರನಾಡಿನಲ್ಲಿ ಎರಡು ಮೂರು ನುಡಿಯಲ್ಲಿ ಬಾಳುವ ನಮಗೆ ಇದು ಸಮಾಧಾನದ ಸುದ್ದಿಯೇ. ಆದರೆ ಕಾಯಿಲೆ ಬಂದ ಮೇಲೆ ಹಲವರಲ್ಲಿ ಆಮೇಲೆ ಕಲಿತ ನುಡಿ ಮೊದಲು ಸವೆದು, ಎಳವೆಯ ನುಡಿ ಉಳಿಯುತ್ತದೆ. ಇಲ್ಲಿ ನಲವತ್ತು ವರ್ಷ ತೆಲುಗು, ಉರ್ದು ಮಾತಾಡಿದವರು ಮತ್ತೆ ಗುಬ್ಬಿಯ ಕನ್ನಡಕ್ಕಿಳಿಯುತ್ತಾರೆ, ಆರೈಕೆಯವರಿಗೆ ಅವರ ಬಾಯಾರಿಕೆಯೂ ತಿಳಿಯುವುದಿಲ್ಲ. ಅಂಥ ಮನೆಗೆ ವಾರಕ್ಕೊಮ್ಮೆ ಒಬ್ಬ ಕನ್ನಡಿಗ ಹೋಗಿ ಒಂದು ಗಂಟೆ ಕುಳಿತು ಅವರೆಕಾಯಿ ಬಿಡಿಸಿದರೆ, ಅಷ್ಟು ಹೊತ್ತು ಸೊಸೆಯೋ ಮಗಳೋ ಬ್ಯಾಂಕಿಗೆ ಹೋಗಿ ಬರಬಹುದು, ಇಲ್ಲವೇ ಬಾಗಿಲು ಮುಚ್ಚಿಕೊಂಡು ಮಲಗಬಹುದು. ವರ್ಷಕ್ಕೊಮ್ಮೆ ಹಿರಿಯರಿಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಫೋಟೊ ತೆಗೆಸಿಕೊಳ್ಳುವುದಕ್ಕೆ ನಾವು ಖರ್ಚು ಮಾಡುವ ಹೊತ್ತಿನಲ್ಲಿ ಇಂಥ ಹತ್ತು ಭೇಟಿಗಳಾಗುತ್ತವೆ. ಕಾರ್ಯಕಾರಿ ಸಮಿತಿಯ ಮಿತ್ರರು ಮುನಿಸಿಕೊಳ್ಳಬಾರದು, ಫೋಟೊಗಳು ಈ ಸಂಚಿಕೆಯಲ್ಲೂ ಎಂಟು ಪುಟ ಇವೆ.

ಮನಸ್ಸು ಕುಗ್ಗಿದ ಆರೈಕೆದಾರರು ಟೆಲಿ ಮಾನಸ್‌ನ 14416ಕ್ಕೆ, ಹಿರಿಯರಿಗೆ ಸಂಬಂಧಿಸಿದ ನೆರವು, ಮಾಹಿತಿಗೆ 14567ಕ್ಕೆ ಕರೆ ಮಾಡಬಹುದು. ಭೇಟಿಗೆ ಹೋಗಲು ಸಿದ್ಧರಿರುವವರು, ಬರಲಿ ಎಂದು ಬಯಸುವ ಮನೆಯವರು, ಇಬ್ಬರೂ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಿ. ಮಂಡಿನೋವು ಎಂದೇ ಬರೆಸಿದರೂ ಅಡ್ಡಿಯಿಲ್ಲ, ನಮಗೆ ಅರ್ಥವಾಗುತ್ತದೆ. ಈ ಸಂಚಿಕೆಯ ನಡುವಿನ ಪುಟಗಳಲ್ಲಿ ಗುಬ್ಬಿ ಕಂಪನಿ, ಕುಣಿಗಲ್ ಕೆರೆ, ಸಿದ್ಧಗಂಗೆಯ ದನಗಳ ಜಾತ್ರೆ, ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ದೊಡ್ಡ ಚಿತ್ರಗಳಿವೆ, ಪುಟಕ್ಕೊಂದರಂತೆ, ಕೆಳಗೆ ದಪ್ಪಕ್ಷರದಲ್ಲಿ ಒಂದೇ ಒಂದು ಸಾಲು. ಅವಕ್ಕೆ ಪಿನ್ನು ಹೊಡೆಸಿಲ್ಲ. ಬಿಡಿಯಾಗಿ ತೆಗೆದು ನಿಮ್ಮ ಮನೆಯ ಹಿರಿಯರ ಕೈಗೆ ಕೊಡಿ, ಹರಿದರೆ ಇನ್ನೊಂದು ಪ್ರತಿ ಕಚೇರಿಯಲ್ಲಿದೆ.