ಕೈತೋಟದ ಮಾತು: ಬ್ರಹ್ಮಕಮಲವೇಕೆ ಅರಳದು?

ಚೆಂಬೂರಿನ ನಮ್ಮಂಥವರ ಮನೆಗಳಿಗೆ ಅಂಗಳವಿಲ್ಲ. ಕಿಟಕಿಯ ಗ್ರಿಲ್ಲೇ ನಮ್ಮ ತೋಟ. ಅಲ್ಲಿ ತುಳಸಿಯ ಪಕ್ಕದಲ್ಲಿ ಬ್ರಹ್ಮಕಮಲದ ಕುಂಡವನ್ನಿಟ್ಟವರು ಅನೇಕರು. “ಗಿಡ ಸೊಂಪಾಗಿದೆ, ಹೂವು ಮಾತ್ರ ಬಿಡದು” ಎಂಬುದು ಅವರೆಲ್ಲರ ದೂರು. ಆರು ವರ್ಷ ಆ ದೂರು ನಮ್ಮದೂ ಆಗಿತ್ತು.

ನಮ್ಮ ಅತ್ತೆಯವರು ಕಾರ್ಕಳದ ಹಿರಿಯರ ಮನೆಯನ್ನು ಮಾರಿ ನಮ್ಮೊಡನೆ ಇರಲು ಬಂದಾಗ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಈ ಗಿಡದ ತುಂಡೊಂದನ್ನು ತಂದಿದ್ದರು. ಆ ಮನೆಯಿಂದ ಜೀವಂತವಾಗಿ ಉಳಿದುದು ಅದೊಂದೇ. ಪ್ರತಿ ಮಳೆಗಾಲದಲ್ಲಿಯೂ ಅದರ ಬಳಿ ನಿಂತು, “ಊರು ಬಿಟ್ಟ ಸಿಟ್ಟು ಇದಕ್ಕೆ ಇನ್ನೂ ಇಳಿದಿಲ್ಲ ಮಗಾ” ಎನ್ನುವರು. ಕಳೆದ ವರ್ಷ ಅವರಿಗೆ 84 ತುಂಬಿತು. ಇನ್ನು ತಡಮಾಡಬಾರದೆಂದು ನಾವು ಕಾರಣವನ್ನು ಹುಡುಕಹೊರಟೆವು. ತಪ್ಪು ಗಿಡದ್ದಲ್ಲ, ನಮ್ಮ ಅತಿ ಅಕ್ಕರೆಯದು!

ಹಿಮಾಲಯದ ಬ್ರಹ್ಮಕಮಲ ಬೇರೆ. ನಮ್ಮ ಮನೆಗಳಲ್ಲಿರುವುದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಮರದ ಕೊಂಬೆಗಳನ್ನು ಆಶ್ರಯಿಸಿ ಬೆಳೆಯುವ ಕಳ್ಳಿಯ ಜಾತಿ. ನಾವು ಎಲೆಯೆನ್ನುವುದು ಅದರ ಚಪ್ಪಟೆ ಕಾಂಡ. ಬಲಿತ ಕಾಂಡದ ಅಂಚಿನ ಕಚ್ಚುಗಳಲ್ಲಿ ಮೊಗ್ಗು ಮೂಡುವುದು. ನಾವೋ, ಅಂದಗೆಡುವುದೆಂದು ಬಲಿತುದನ್ನೇ ಕತ್ತರಿಸುತ್ತಿದ್ದೆವು.

ಮರದ ಸಂದಿಯಲ್ಲಿ ಅದಕ್ಕೆ ಸಿಕ್ಕುವ ಮಣ್ಣು ಎಷ್ಟು? ಆದುದರಿಂದ ದೊಡ್ಡ ಕುಂಡ ಬೇಡ. ಬೇರು ತುಸು ಇಕ್ಕಟ್ಟಿನಲ್ಲಿದ್ದರೇ ಒಳಿತು. ಕೆಮ್ಮಣ್ಣು, ಮರಳು, ಎಲೆಗೊಬ್ಬರ ಬೆರೆಸಿ ನೀರು ಬಸಿದುಹೋಗುವಂತೆ ಮಾಡಬೇಕು. ಬೆಳಗಿನ ಎಳೆಬಿಸಿಲು ಸಾಕು. ನಡುಹಗಲಿನ ಬಿಸಿಲಿಗೆ ಕಾಂಡ ಹಳದಿಯಾಗುವುದು. ತೀರ ಕತ್ತಲ ಮೂಲೆಯಲ್ಲಿಟ್ಟರೆ ಹೂವಿನ ಆಸೆಯನ್ನೇ ಬಿಡಬೇಕು.

ಇನ್ನು ಗೊಬ್ಬರ. ರಾಷ್ಟ್ರೀಯ ಕೆಮಿಕಲ್ಸ್ ಕಾರಖಾನೆ ಇರುವ ಚೆಂಬೂರಿನವರಿಗೆ ಗೊಬ್ಬರದ ಚೀಲ ಹೊಸತೇ? ಸುಫಲಾ ಚೀಲದ ಮೇಲೆ 15:15:15 ಎಂದಿರುವುದನ್ನು ಕಂಡಿರಬಹುದು. ಅದು ಸಾರಜನಕ, ರಂಜಕ, ಪೊಟ್ಯಾಷುಗಳ ಪ್ರಮಾಣ. ಸಾರಜನಕ ಹಸುರನ್ನು ಬೆಳೆಸುವುದು. ಅದು ಹೆಚ್ಚಾದರೆ ಗಿಡ ಹೂವನ್ನು ಮರೆಯುವುದು. ನಾವು ತಿಂಗಳು ತಿಂಗಳೂ ಹಾಕುತ್ತಿದ್ದುದು ಬರಿಯ ಯೂರಿಯಾ!

ಕಳೆದ ದೀಪಾವಳಿಯಿಂದ ಕ್ರಮವನ್ನು ಬದಲಿಸಿದೆವು. ಶಿವರಾತ್ರಿಯವರೆಗೆ ಗೊಬ್ಬರ ನಿಲ್ಲಿಸಿ, ಮಣ್ಣು ಒಣಗಿದ ಮೇಲೆ ತುಸುವೇ ನೀರು ಕೊಟ್ಟೆವು. ಈ ವಿಶ್ರಾಂತಿ ಗಿಡಕ್ಕೆ ಬೇಕು. ಯುಗಾದಿಯಿಂದ ನೀರನ್ನು ಹೆಚ್ಚಿಸಿ, ಪೊಟ್ಯಾಷ್ ಹೆಚ್ಚಿರುವ ಗೊಬ್ಬರವನ್ನು ನೀರಿನಲ್ಲಿ ತೆಳುವಾಗಿ ಕರಗಿಸಿ ಹಾಕಿದೆವು. ಮೊಗ್ಗು ಕಂಡ ಮೇಲೆ ಕುಂಡವನ್ನು ಕದಲಿಸಬಾರದು, ಒಣಗಲೂ ಬಿಡಬಾರದು, ಮೊಗ್ಗು ಉದುರೀತು. ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲದಿರಲಿ. ಡೆಂಗ್ಯೂ ಸೊಳ್ಳೆಗೆ ಅಷ್ಟೇ ಸಾಕು.

ಈ ಆಷಾಢದಲ್ಲಿ ಎರಡು ಮೊಗ್ಗುಗಳು ಮೂಡಿದವು. ಜೋತುಬಿದ್ದಿದ್ದ ಮೊಗ್ಗು ಕೊಕ್ಕೆಯಂತೆ ಮೇಲಕ್ಕೆ ಬಾಗಿದಾಗ, ಅರಳುವ ರಾತ್ರಿ ಸಮೀಪಿಸಿತೆಂದು ತಿಳಿಯಿರಿ. ಒಂಬತ್ತು ಗಂಟೆಗೆ ದಳಗಳು ಬಿಚ್ಚತೊಡಗಿದವು. ನೆರೆಮನೆಯವರೆಲ್ಲ ಬಂದರು, ಮನೆಯೆಲ್ಲ ಪರಿಮಳ. ಅತ್ತೆಯವರು ಹೂವನ್ನು ಮುಟ್ಟದೆ ಬಹಳ ಹೊತ್ತು ಕುರ್ಚಿಯಲ್ಲಿ ಕುಳಿತಿದ್ದರು. ಕೊನೆಗೆ, “ಇದಕ್ಕೆ ಈಗ ಇದೇ ಮನೆಯಾಯಿತು” ಎಂದರು. ಬೆಳಗಾಗುವಷ್ಟರಲ್ಲಿ ಹೂವು ಬಾಡಿತ್ತು.

ತುಂಡು ಬೇಕಾದವರು ಬಂದು ಒಯ್ಯಬಹುದು. ಕತ್ತರಿಸಿದ ತುದಿಯನ್ನು ನಾಲ್ಕು ದಿನ ನೆರಳಿನಲ್ಲಿ ಒಣಗಿಸಿ ನೆಡಿರಿ. ಎರಡು ಮೂರು ವರ್ಷದ ತಾಳ್ಮೆಯನ್ನು ಮಾತ್ರ ನೀವೇ ತರಬೇಕು.